ದೊರೆ ಕಲ್ಲು

ನಡೆದದ್ದು ಇಷ್ಟೇ. ತಮಿಳು ಬಾರದ ನನ್ನಮ್ಮ ಒಬ್ಬ ಸತ್ತವನ ಗೋರಿಯ ಕಲ್ಲನ್ನು ಎಳೆದು ತಂದು, ಅದರ ಮೇಲೆ ಏಳು ವರ್ಷ ಖಾರ ಅರೆದಳು. ಶಾಪವೂ ಇಲ್ಲ, ದೆವ್ವವೂ ಇಲ್ಲ. ಯಾರಿಗೂ ಒಂದು ದಿನ ಹೊಟ್ಟೆನೋವು ಸಹ ಬರಲಿಲ್ಲ. ಚಟ್ನಿ ಚೆನ್ನಾಗಿರುತ್ತಿತ್ತು. ಈಗ ತಾಂಬರಂನಲ್ಲಿ ನನ್ನ ಮೊಮ್ಮಕ್ಕಳು ತಮ್ಮ ಗೆಳೆಯರಿಗೆ ಇದನ್ನು ಹೇಳುವಾಗ ಬಿಳಿ ಬಟ್ಟೆಯ ಹೆಂಗಸೊಬ್ಬಳು ಹೊಳೆಯ ಮೇಲೆ ತೇಲಿಕೊಂಡು ಬರುತ್ತಾಳೆ, ಕಲ್ಲನ್ನು ಮುಟ್ಟಿ ಅಳುತ್ತಾಳೆ. ಹೆಂಗಸೊಬ್ಬಳು ಬಂದದ್ದು ನಿಜ. ಟ್ಯಾಕ್ಸಿಯಲ್ಲಿ ಬಂದಳು, ಬೆಳಗಿನ ಹತ್ತು ಗಂಟೆಗೆ, ಕಾಲು ಊದಿಸಿಕೊಂಡು. ಕಣ್ಣಲ್ಲಿ ನೀರು ಬಂದದ್ದೂ ನಿಜ. ಅದು ಏತಕ್ಕೆ ಬಂತೆಂದು ಮುಂದೆ ಹೇಳುತ್ತೇನೆ.

ಅಡಯಾರು ಹೊಳೆಯ ದಂಡೆಯ ಆ ಬಂಗಲೆಗೆ ನಾವು ಹೋದಾಗ ನನಗೆ ನಾಲ್ಕು ವರ್ಷ. ಅಪ್ಪ ಅಲ್ಲಿ ಅಡುಗೆಗೆ ಸೇರಿದ. ಬಂಗಲೆಯ ಯಜಮಾನಿ ಒಬ್ಬ ದೊಡ್ಡ ವಕೀಲರ ವಿಧವೆ. ಎಲ್ಲರೂ ಅವರನ್ನು ಪೆರಿಯಮ್ಮ ಎನ್ನುತ್ತಿದ್ದರು, ಅಂದರೆ ದೊಡ್ಡಮ್ಮ. ಮಕ್ಕಳಿರಲಿಲ್ಲ, ಆದರೆ ನೆಂಟರಿಗೆ ಬರವಿರಲಿಲ್ಲ. ವಾರದಲ್ಲಿ ನಾಲ್ಕು ದಿನ ಊಟಕ್ಕೆ ಹತ್ತು ಹನ್ನೆರಡು ಎಲೆ ಬೀಳುತ್ತಿತ್ತು. ಪೆರಿಯಮ್ಮ ತಾವು ಮಾತ್ರ ಮಡಿಯಲ್ಲಿ, ಬೇರೆ, ಮಹಡಿಯ ಕೋಣೆಯಲ್ಲಿ ಊಟ ಮಾಡುತ್ತಿದ್ದರು. ಅಪ್ಪನ ಹೆಸರು ಅವರ ನಾಲಗೆಗೆ ಹತ್ತಲೇ ಇಲ್ಲ. ನಾವು ಮೈಸೂರಿನ ಕಡೆಯವರೆಂದು ಅಪ್ಪ 'ಮೈಸೂರು' ಆದ. ಅಮ್ಮ 'ಮೈಸೂರು ಪೊಂಡಾಟ್ಟಿ', ಮೈಸೂರಿನ ಹೆಂಡತಿ. ನಾನು 'ಕುಟ್ಟಿ ಮೈಸೂರು', ಪುಟ್ಟ ಮೈಸೂರು. ನನ್ನ ನಿಜವಾದ ಹೆಸರು ಚೆಲುವಿ. ಶಾಲೆಯಲ್ಲಿ ಅದನ್ನೂ ಸೆಲ್ವಿ ಎಂದು ಬರೆದುಕೊಂಡರು.

ಇರಲು ಕೊಟ್ಟದ್ದು ಬಂಗಲೆಯ ಹಿಂದಿನ ಕುದುರೆ ಲಾಯ. ಕುದುರೆಗಳು ಹೋಗಿ ಎಷ್ಟೋ ಕಾಲವಾಗಿತ್ತು, ಆದರೆ ಮಳೆಗೆ ಗೋಡೆ ಒದ್ದೆಯಾದ ದಿನ ಅವುಗಳ ವಾಸನೆ ತಿರುಗಿ ಬರುತ್ತಿತ್ತು. ಗೋಡೆಯುದ್ದಕ್ಕೂ ಕಬ್ಬಿಣದ ಬಳೆಗಳು. ಅಮ್ಮ ಒಂದಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದಳು, ಒಂದಕ್ಕೆ ಮೊಸರಿನ ನೆಲುವು, ಒಂದಕ್ಕೆ ಅಪ್ಪನ ಕೊಡೆ. ಕುದುರೆಗೆ ಮೇವು ಹಾಕುವ ಕಲ್ಲಿನ ತೊಟ್ಟಿ ನನ್ನ ಅಳತೆಗೆ ಮಾಡಿಸಿದ ಹಾಗಿತ್ತು. ಗೋಣಿ ಹಾಸಿ, ಅದರ ಮೇಲೆ ಅಮ್ಮನ ಹಳೆಯ ಸೀರೆ ಹಾಸಿ, ನನ್ನನ್ನು ಅಲ್ಲೇ ಮಲಗಿಸುತ್ತಿದ್ದರು. ಶಾಲೆಯ ಗೆಳತಿ ಸ್ಟೆಲ್ಲಾ ಒಮ್ಮೆ, ಯೇಸುವೂ ಅಂಥದರಲ್ಲೇ ಮಲಗಿದ್ದನೆಂದು ಹೇಳಿದಳು. ಅವನಿಗೂ ಬೆನ್ನು ನೋಯುತ್ತಿತ್ತೇ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ.

ಬಂಗಲೆಯ ಸುತ್ತಲಿನ ತೋಟ ಎಷ್ಟು ದೊಡ್ಡದೆಂದು ನನಗೆ ಇವತ್ತಿಗೂ ತಿಳಿಯದು. ಅದನ್ನೆಲ್ಲ ನನಗೆ ಸುತ್ತಿಸಿ ತೋರಿಸಿದವನು ತೋಟಗಾರ ಮುನುಸಾಮಿ. ವಯಸ್ಸಾದವನು, ಒಂದು ಕಣ್ಣಿಗೆ ಪೊರೆ ಬಂದಿತ್ತು, ಬಾಯಲ್ಲಿ ಯಾವಾಗಲೂ ಎಲೆಯಡಿಕೆ. ನಾನು ಅವನ ನೀರಿನ ಕೊಳವೆಯ ತುದಿ ಹಿಡಿದುಕೊಂಡು ಹಿಂದೆ ಹಿಂದೆ ಹೋಗುತ್ತಿದ್ದೆ, ಅವನು ಹೇಳುತ್ತ ಹೋಗುತ್ತಿದ್ದ. ಬಂಗಲೆ ಕಟ್ಟಿಸಿದವನು ಒಬ್ಬ ಬಿಳಿಯ ದೊರೆ. ಅವನಿಗೆ ಮರದ ಹುಚ್ಚು. ಹಡಗಿನವರ ಹತ್ತಿರ ಬೀಜ ತರಿಸಿ ನೆಡುತ್ತಿದ್ದ. ಆನೆಯ ಕಾಲಿನಂಥ ಒಂದು ಮರವಿತ್ತು, ಐದು ಮಂದಿ ಕೈ ಕೈ ಹಿಡಿದರೂ ತಬ್ಬಿಗೆ ಸಿಗದು. ಅದು ಯಾವ ದೇಶದ್ದೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಅದರ ಹೆಸರು ದೊರೆ ಮರ. ಹೊಳೆಗೆ ಇಳಿಯುವ ಮೆಟ್ಟಿಲು ದೊರೆ ಮೆಟ್ಟಿಲು. ಅದರ ಪಕ್ಕ ದೋಣಿ ನಿಲ್ಲಿಸುವ ಮಾಡು ಕುಸಿದು ಬಿದ್ದಿತ್ತು, ಒಳಗೆ ತಳ ಕೊಳೆತ ಒಂದು ದೋಣಿ, ಅದರ ತುಂಬ ಏಡಿ. ಅದು ದೊರೆ ದೋಣಿ. ಉಪ್ಪುನೀರಿನ ಬಾವಿ ದೊರೆ ಬಾವಿ. ಆ ತೋಟದಲ್ಲಿ ಹಳೆಯದಾದ, ಯಾರದೆಂದು ತಿಳಿಯದ ವಸ್ತುವೆಲ್ಲ ದೊರೆಯದು. ಇದು ನೆನಪಿರಲಿ. ಅಮ್ಮನನ್ನು ಪೆದ್ದಿ ಎಂದುಕೊಳ್ಳುವ ಮುಂಚೆ ಇದು ಗೊತ್ತಿರಬೇಕು.

ಹೊಳೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ಸಮುದ್ರ ಅಲ್ಲಿಂದ ಹತ್ತಿರ. ಬೇಸಿಗೆಯಲ್ಲಿ ಹೊಳೆಯ ಬಾಯಿಗೆ ಮರಳು ಕಟ್ಟಿಕೊಂಡು ನೀರು ನಿಂತು ನಾರುತ್ತಿತ್ತು. ಪೆರಿಯಮ್ಮ ಮಹಡಿಯ ಕಿಟಕಿ ಹಾಕಿಸಿ ಸಾಂಬ್ರಾಣಿ ಹೊಗೆ ಹಾಕಿಸುತ್ತಿದ್ದರು. ಐಪಸಿ ತಿಂಗಳ, ಅಂದರೆ ನಮ್ಮ ದೀಪಾವಳಿಯ ಹೊತ್ತಿನ, ಮಳೆ ಹಿಡಿದ ಮೇಲೆ ಮರಳು ಒಡೆದು ನೀರು ಒಂದೇ ಸಲ ಕಡಲಿಗೆ ಓಡುತ್ತಿತ್ತು. ಕೆಲವು ವರ್ಷ ಓಡುವ ಮೊದಲು ತೋಟಕ್ಕೂ ಬಂದು ಹೋಗುತ್ತಿತ್ತು. ನಾವು ಸೇರಿದ ವರ್ಷವೇ ಹಾಗೆ ಬಂತು. ಆದರೆ ಕಲ್ಲಿನ ಕೆಲಸ ಅದಕ್ಕೆ ಒಂದು ತಿಂಗಳು ಮೊದಲೇ ಆಗಿಹೋಗಿತ್ತು.

ಅದು ಆದದ್ದು ಹೀಗೆ. ಅಪ್ಪ ಬಂಗಲೆಯ ಅಡುಗೆಮನೆಯಲ್ಲಿ ಒಲೆ ನೋಡಿಕೊಳ್ಳುವುದು, ಅಮ್ಮ ಲಾಯದ ಹಿಂದೆ ಕೂತು ಅರೆದು ಕೊಡುವುದು ಎಂದು ಗೊತ್ತಾಗಿತ್ತು. ಬಂಗಲೆಯ ಅರೆಯುವ ಕಲ್ಲು ಹಿಂದಿನ ಅಡುಗೆಯವನ ಕಾಲದಲ್ಲೇ ಎರಡು ಹೋಳಾಗಿತ್ತು. ಅಮ್ಮನ ಹತ್ತಿರ ಗುಂಡುಕಲ್ಲು ಇತ್ತು, ತವರಿನಿಂದ ತಂದದ್ದು. ಅದರ ಕೆಳಗೆ ಹಾಕಲು ಚಪ್ಪಡಿ ಬೇಕಿತ್ತು. ಬಂದ ಮೂರನೆಯ ದಿನ ಮುನುಸಾಮಿಯನ್ನು ಹಿಡಿದು ಕೇಳಿದಳು. ಗಟ್ಟಿಯಾಗಿ ಕೂಗಿದರೆ ಕನ್ನಡ ತಾನಾಗಿ ತಮಿಳಾಗುತ್ತದೆ ಎಂದು ಅವಳು ಸಾಯುವವರೆಗೂ ನಂಬಿದ್ದಳು.

"ಕಲ್ಲು! ಕಲ್ಲು ಕಣಪ್ಪಾ! ಅರೆ... ಅರೆ!"

"ಕಲ್ಲರೆಯಾ?"

"ಹೂಂ, ಅದೇ. ಕಲ್ಲರೆ!"

"ಇರುಕ್ಕೇ! ಆತ್ತಂಗರೆಲ ಇರುಕ್ಕು. ದೊರೆ ಕಲ್ಲರೆ."

ಇದೆ, ಹೊಳೆಯ ದಂಡೆಯಲ್ಲಿದೆ ಎಂದ ಅವನು. ತಮಿಳಿನಲ್ಲಿ ಕಲ್ಲರೆ ಎಂದರೆ ಗೋರಿ. ಹೊಸದಾಗಿ ಬಂದ ಹೆಂಗಸು ಕಣ್ಣರಳಿಸಿಕೊಂಡು, ಈ ತೋಟದಲ್ಲಿ ಗೋರಿ ಏನಾದರೂ ಇದೆಯೇ ಎಂದು ಕೇಳುತ್ತಿದ್ದಾಳೆ, ಪಾಪ ದೆವ್ವದ ಹೆದರಿಕೆ ಎಂದುಕೊಂಡ ಮುನುಸಾಮಿ. ಅವಳಿಗೆ ಧೈರ್ಯ ಹೇಳಿದ.

"ಪಳಸು ಅಮ್ಮಾ, ರೊಂಬ ಪಳಸು. ಯಾರುಂ ತೇಡಿ ವರಮಾಟ್ಟಾಂಗ."

ತುಂಬ ಹಳೆಯದು, ಯಾರೂ ಹುಡುಕಿಕೊಂಡು ಬರುವುದಿಲ್ಲ. ಅಮ್ಮನಿಗೆ ಇಷ್ಟು ತಮಿಳು ಅರ್ಥವಾಯಿತು. ದೊರೆಯ ಅಡುಗೆಯವರು ಅರೆಯುತ್ತಿದ್ದ ಹಳೆಯ ಕಲ್ಲು, ಯಾರಿಗೂ ಬೇಡವಾಗಿ ಹೊಳೆಯ ದಂಡೆಯಲ್ಲಿ ಬಿದ್ದಿದೆ, ತಗೋ ಎನ್ನುತ್ತಿದ್ದಾನೆ ಎಂದು. ಮಧ್ಯಾಹ್ನ ಮುನುಸಾಮಿ ಊಟಕ್ಕೆ ಹೋದಾಗ ಅಪ್ಪನೂ ಅವಳೂ ಗೊಬ್ಬರದ ಕೈಗಾಡಿ ತಳ್ಳಿಕೊಂಡು ಹೋದರು. ದಂಡೆಯಲ್ಲಿ ಕುಸಿದ ಒಂದು ಇಟ್ಟಿಗೆಯ ಕಟ್ಟೆ, ಅದರ ಪಕ್ಕದಲ್ಲಿ ಮಣ್ಣು ಮೆತ್ತಿಕೊಂಡ ಕರಿಯ ಚಪ್ಪಡಿ, ಎರಡು ಮಣೆಯಷ್ಟು ಅಗಲ, ಬೋರಲಾಗಿ ಬಿದ್ದಿತ್ತು. ಮೇಲ್ಮುಖ ಒರಟು, ಅರೆಯಲು ಹೇಳಿ ಮಾಡಿಸಿದ ಹಾಗೆ. ಬಿದ್ದ ಹಾಗೆಯೇ ಜಾರಿಸಿ ಗಾಡಿಗೆ ಹಾಕಿ ತಂದರು. ಅದರ ಕೆಳಗೇನಿದೆ ಎಂದು ಯಾರೂ ನೋಡಲಿಲ್ಲ. ಒಂದು ತಿಂಗಳಿಗೆ ಹೊಳೆ ಬಂದು ಇಟ್ಟಿಗೆಯ ಕಟ್ಟೆಯ ಅರ್ಧವನ್ನು ಕೊಚ್ಚಿಕೊಂಡು ಹೋಯಿತು. ದೊರೆಯ ಗೋರಿ ನೀರುಪಾಲಾಯಿತೆಂದು ಮುನುಸಾಮಿ ಪೆರಿಯಮ್ಮನಿಗೆ ಹೇಳಿದ, ಅವರು ಪಾಪ ಎಂದರು, ಮಾತು ಅಲ್ಲಿಗೆ ಮುಗಿಯಿತು. ಲಾಯದ ಹಿಂದೆ ಅಮ್ಮ ತಡಿಕೆ ಕಟ್ಟಿಸಿಕೊಂಡಿದ್ದಳು, ಅದರೊಳಕ್ಕೆ ಗಂಡಸರು ಬರುತ್ತಿರಲಿಲ್ಲ.

ಅಮ್ಮ ಅದನ್ನು ದೊರೆ ಕಲ್ಲು ಎಂದೇ ಕರೆದಳು. ಅದರ ಮೇಲೆ ಅವಳಿಗಿದ್ದ ಪ್ರೀತಿ ನನ್ನ ಮೇಲೆ ಇರಲಿಲ್ಲ, ನಾನೇನು ಅದಕ್ಕೆ ಬೇಸರ ಮಾಡಿಕೊಂಡವಳಲ್ಲ. ಬೆಳಗ್ಗೆ ತೊಳೆಯುವಳು, ಮಧ್ಯಾಹ್ನ ತೊಳೆಯುವಳು, ಅರೆದಾದ ಮೇಲೆ ಕಲ್ಲಿಗೆ ಅಂಟಿದ್ದನ್ನು ಅನ್ನದ ಉಂಡೆಯಲ್ಲಿ ಒರೆಸಿ ನನ್ನ ಬಾಯಿಗೆ ಹಾಕುವಳು. ಅಂಥ ರುಚಿ ಆಮೇಲೆ ಯಾವ ಮಿಕ್ಸಿಯಿಂದಲೂ ಬರಲಿಲ್ಲ. ಆಯುಧಪೂಜೆಗೆ ಅಪ್ಪ ಸೌಟು, ಚಾಕು, ಈಳಿಗೆಮಣೆ ಪೂಜೆಗಿಟ್ಟರೆ, ಅಮ್ಮ ಕಲ್ಲಿಗೆ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಒಂದು ಮೊಳ ಸೇವಂತಿಗೆ ಇಡುತ್ತಿದ್ದಳು. ಅವರಿಬ್ಬರಿಗೂ ಜಗಳವಿದ್ದದ್ದು ಒಂದೇ ವಿಷಯಕ್ಕೆ. ಹುಳಿಗೆ ಬೆಲ್ಲ ಹಾಕಬೇಕೆಂದು ಅಮ್ಮ, ಹಾಕಿದರೆ ಈ ತಮಿಳರು ಪಾಯಸವೇ ಎಂದು ಕೇಳುತ್ತಾರೆ ಎಂದು ಅಪ್ಪ.

"ನೀವ್ ಒಲೆ ಮುಂದೆ ನಿಂತ್ರೆ ಸಾಕಾ? ರುಚಿ ಇರೋದು ಅರೆಯೋರ ಕೈಲಿ."

"ಹಂಗಾದ್ರೆ ಸಂಬಳಾನೂ ನೀನೇ ಈಸ್ಕೊ ಹೋಗು."

"ಕೊಟ್ರೆ ಬ್ಯಾಡ ಅಂದವ್ರು ಯಾರು?"

ಅಮ್ಮ ಹೇಳಿದ್ದು ಸುಳ್ಳಲ್ಲ. ಪೆರಿಯಮ್ಮ ಒಪ್ಪೊತ್ತು ಉಣ್ಣುವವರು, ಎರಡು ತುತ್ತು ಅನ್ನ. ಆದರೆ ಎಲೆಯ ತುದಿಗೆ ಅಮ್ಮನ ಗಟ್ಟಿ ಚಟ್ನಿ ಇಲ್ಲದಿದ್ದರೆ ಎಲೆಯ ಮುಂದೆ ಕೂರುತ್ತಿರಲಿಲ್ಲ. ಮೈಸೂರು ಪೊಂಡಾಟ್ಟಿಯ ಕೈಯಲ್ಲಿ ಏನೋ ಇದೆ ಎಂದು ನೆಂಟರ ಮುಂದೆ ಹೇಳುವರು. ಕೈಯಲ್ಲ, ಕಲ್ಲಿನ ಗುಣ ಎಂದು ಅಮ್ಮ ಉತ್ತರ ಕಳಿಸುವಳು. ಬಂದ ನೆಂಟರು ಬಾಟಲಿಯಲ್ಲಿ ತುಂಬಿಸಿಕೊಂಡು ಹೋಗುವರು. ಊರಿನ ಎಷ್ಟು ದೊಡ್ಡ ಮನೆಗಳಲ್ಲಿ ಆ ಕಲ್ಲಿನ ಚಟ್ನಿ ತಿಂದಿದ್ದಾರೆಂದು ನಾನು ಲೆಕ್ಕ ಹಾಕಿದವಳಲ್ಲ, ಆದರೆ ಅವರಲ್ಲಿ ಇಬ್ಬರು ಜಡ್ಜಿಗಳಿದ್ದರು.

ನನಗೆ ಒಂಬತ್ತು ಆದಾಗ ಕಲ್ಲು ಸವೆದು ನುಣ್ಣಗಾಯಿತು. ಬೀದಿಯಲ್ಲಿ ಉಳಿ ಸುತ್ತಿಗೆ ಹಿಡಿದು, ಅಮ್ಮಿ ಕೊತ್ತುತ್ತೇವೆ, ಅಂದರೆ ಸವೆದ ಕಲ್ಲಿಗೆ ಕಚ್ಚು ಹೊಡೆದು ಒರಟು ಮಾಡಿಕೊಡುತ್ತೇವೆ, ಎಂದು ಕೂಗಿಕೊಂಡು ಹೋಗುವ ಹೆಂಗಸನ್ನು ಅಮ್ಮ ಕರೆಸಿದಳು. ತಮಿಳಿನಲ್ಲಿ ಅರೆಯುವ ಕಲ್ಲಿಗೆ ಅಮ್ಮಿ ಎನ್ನುತ್ತಾರೆ. ಆ ಪದ ಐದು ವರ್ಷ ಬೀದಿಯಲ್ಲಿ ಹೋಗಿ ಬಂದು ಮಾಡುತ್ತಿದ್ದರೂ, ಅದು ಬೇರೆ ಜಾತಿಯ ಕಲ್ಲು ಇರಬೇಕೆಂದು ಅಮ್ಮ ತಿಳಿದಿದ್ದಳು. ಹೆಂಗಸು ಹಾರೆ ಹಾಕಿ, ಆ ಕಡೆ ಹೇಗಿದೆ ನೋಡೋಣ ಎಂದು ಕಲ್ಲನ್ನು ಎತ್ತಿ ನಿಲ್ಲಿಸಿದಳು. ನೋಡಿದರೆ ಅಕ್ಷರ. ಇಂಗ್ಲಿಷು, ಸಾಲು ಸಾಲಾಗಿ, ಅಂಚಿಗೆ ಬಳ್ಳಿಯ ಚಿತ್ರ. ಹೆಂಗಸು ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ.

"ಅಮ್ಮಾ, ಕಲ್ ಮೇಲೆ ಏನೋ ಬರ್ದವ್ರೆ."

"ಬರೀದೆ ಏನು? ನಾವು ಕೊಡಪಾನದ ಮೇಲೆ ಹೆಸ್ರು ಹಾಕ್ಸಲ್ವಾ? ದೊರೆ, ಕಲ್ಲಿನ್ ಮೇಲೇ ಹಾಕ್ಸವ್ನೆ. ಕಳ್ಳರು ಕದ್ಕಂಡ್ ಹೋಗ್ದಿರ್ಲಿ ಅಂತ."

ಎಷ್ಟು ಸರಿಯಾದ ಮಾತು ಎಂದು ನನಗೂ ಅನ್ನಿಸಿತು. ಪಾತ್ರೆಯ ಮೇಲೆ ಹೆಸರು, ಕೊಟ್ಟವರ ಹೆಸರು, ಅದರ ಕೆಳಗೆ ತಾರೀಖು ಎಲ್ಲವೂ ಇರುತ್ತದಲ್ಲ. ಹೆಂಗಸು ಒರಟು ಮುಖವನ್ನೇ ಕೊತ್ತಿ ಹೋದಳು. ಕಲ್ಲು ಮತ್ತೆ ಬೋರಲಾಯಿತು.

ಮಾರನೆಯ ವರ್ಷ, ಐಪಸಿಯ ನಡುವಿನಲ್ಲಿ, ಸ್ಟೆಲ್ಲಾ ನಾಳೆ ಶಾಲೆಗೆ ಬರುವುದಿಲ್ಲ ಎಂದಳು. ಅವರ ಮನೆಯವರೆಲ್ಲ ಕೀಲ್ಪಾಕ್‌ಗೆ ಹೋಗಿ ಅಜ್ಜಿಯ ಕಲ್ಲರೆಗೆ ಹೂ ಇಡಬೇಕಂತೆ, ವರ್ಷಕ್ಕೊಂದು ದಿನ. ನಮ್ಮ ಮನೆಯಲ್ಲಿ ಕಲ್ಲರೆ ಎಂದರೆ ಅರೆಯುವ ಕಲ್ಲು, ಆಯುಧಪೂಜೆ ಇವರಿಗೆ ತಡವಾಗಿ ಬರುತ್ತದೆ ಎಂದುಕೊಂಡೆ.

"ಅಂಗೆ ಪೋಯಿ ಎನ್ನ ಅರೆಪ್ಪೀಂಗ?" ಎಂದು ಕೇಳಿದೆ. ಅಲ್ಲಿ ಹೋಗಿ ಏನು ಅರೀತೀರಿ?

"ಅರೆಕ್ಕರದಾ? ಲೂಸಾ ನೀ? ಪಾಟ್ಟಿ ಅದುಕ್ಕುಳ್ಳೆ ಪಡುತ್ತಿರುಕ್ಕಾಂಗ!"

ಅರೆಯುವುದೇ, ಹುಚ್ಚೇ ನಿನಗೆ, ಅಜ್ಜಿ ಅದರೊಳಗೆ ಮಲಗಿದ್ದಾಳೆ. ಆ ದಿನ ಶಾಲೆಯಿಂದ ಮನೆಗೆ ಹೋಗುವ ದಾರಿ ಉದ್ದವಾಯಿತು. ಅಮ್ಮ ಕಲ್ಲಿನ ಮುಂದೆ ಕೂತು ಕಾಯಿ, ಒಣಮೆಣಸಿನಕಾಯಿ, ಹುಣಸೆಹಣ್ಣು ಅರೆಯುತ್ತಿದ್ದಳು. ಉಂಡೆ ಮಾಡಿ ಬಾಯಿಗೆ ಹಿಡಿದಳು. ಹಸಿವಾಗಿತ್ತು. ತಿಂದೆ. ಹೇಳಬಹುದಿತ್ತು, ಹೇಳಲಿಲ್ಲ. ಹೇಳಿದರೆ ಪೆರಿಯಮ್ಮನಿಗೆ ತಿಳಿಯುತ್ತದೆ. ಮಡಿಯ ಹೆಂಗಸಿಗೆ ಗೋರಿಕಲ್ಲಿನ ಚಟ್ನಿ ತಿನ್ನಿಸಿದವರನ್ನು ಅವರು ಲಾಯದಲ್ಲಿ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ನಮಗೆ ಬೇರೆ ಮನೆ ಇರಲಿಲ್ಲ. ದೊರೆಗೂ ವರ್ಷಕ್ಕೊಂದು ಮೊಳ ಹೂ ಸಿಗುತ್ತಿದೆ, ಕೀಲ್ಪಾಕ್‌ನ ಅಜ್ಜಿಗಿಂತ ಅವನಿಗೇನೂ ಕಡಿಮೆಯಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೀಗೆ ಒಂದು ವರ್ಷ ಹೋಯಿತು.

ಆಮೇಲೆ ಆ ಹೆಂಗಸು ಬಂದಳು. ದೊರೆಯ ಮರಿಮಗಳು. ಎಪ್ಪತ್ತು ದಾಟಿರಬೇಕು, ಹುಲ್ಲಿನ ಟೋಪಿ, ಹೂವಿನ ಗೌನು, ಚಪ್ಪಲಿಗೆ ತುಂಬಿ ಉಕ್ಕಿದ ಪಾದ. ಕೈಯಲ್ಲಿ ಮಡಿಚಿ ಮಡಿಚಿ ಹರಿಯುವಂತಾದ ಒಂದು ಕಾಗದ, ಅದರಲ್ಲಿ ಬಂಗಲೆ, ಮರ, ಮೆಟ್ಟಿಲು, ಮೆಟ್ಟಿಲ ಬಲಕ್ಕೊಂದು ಗುರುತು. ಪೆರಿಯಮ್ಮನಿಗೆ ಇಂಗ್ಲಿಷು ಬರುತ್ತಿತ್ತು. ಇಬ್ಬರೂ ನಿಧಾನವಾಗಿ ದಂಡೆಗೆ ನಡೆದರು, ಹಿಂದೆ ಮುನುಸಾಮಿ, ಅಪ್ಪ, ನಾನು. ಭಾನುವಾರ, ಶಾಲೆ ಇರಲಿಲ್ಲ. ಮುನುಸಾಮಿ ಅರ್ಧ ಉಳಿದ ಇಟ್ಟಿಗೆಯ ಕಟ್ಟೆ ತೋರಿಸಿ, ಕೈಯನ್ನು ಹೊಳೆಯ ಕಡೆಗೆ ಬೀಸಿದ.

"ವೆಳ್ಳಂ ಅಡಿಚ್ಚಿಟ್ಟು ಪೋಯಿಡುಚ್ಚು."

ಪ್ರವಾಹ ಕೊಚ್ಚಿಕೊಂಡು ಹೋಯಿತೆಂದು ಪೆರಿಯಮ್ಮ ಇಂಗ್ಲಿಷಿನಲ್ಲಿ ಹೇಳಿದರು. ಆ ಹೆಂಗಸು ಕಾಗದ ಮಡಿಚಿದಳು. ಇಟ್ಟಿಗೆಯ ಮೇಲೆ ಕೂತು ಉಸಿರು ಸುಧಾರಿಸಿಕೊಂಡಳು. ಚೀಲ ಬಿಚ್ಚಿಯೇ ಇಟ್ಟುಕೊಂಡಿದ್ದಳು. ಒಳಗಿನಿಂದ ಒಂದು ಬಾಟಲಿ ನೀರು, ಒಂದು ಬಟ್ಟೆ, ಹಲ್ಲುಜ್ಜುವುದಕ್ಕಿಂತ ಸ್ವಲ್ಪ ದೊಡ್ಡ ಒಂದು ಬ್ರಷ್ಷು ಆಗಲೇ ಹೊರಗೆ ತೆಗೆದಿದ್ದಳು. ಅಕ್ಷರ ಉಜ್ಜಿ ತೊಳೆಯಲು. ಈಗ ಅದನ್ನು ತಿರುಗಿ ಚೀಲಕ್ಕೆ ಹಾಕಿದಳು. ಬ್ರಷ್ಷು ಹೊಸದು, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ನನಗೆ ಅಯ್ಯೋ ಎನ್ನಿಸಿತು ಎಂದರೆ ಸುಳ್ಳಾಗುತ್ತದೆ. ಸಿಟ್ಟು ಬಂತು. ಅಷ್ಟು ದೂರದಿಂದ ಹಡಗೋ ವಿಮಾನವೋ ಹತ್ತಿ ಬ್ರಷ್ಷು ಹೊತ್ತುಕೊಂಡು ಬಂದಿದ್ದಾಳೆ, ಕಲ್ಲು ನೂರು ಹೆಜ್ಜೆ ಆಚೆ ಇದೆ, ಅದು ಗೋರಿಕಲ್ಲೆಂದು ಗೊತ್ತಿರುವವಳು ನಾನೊಬ್ಬಳೇ, ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೇನೆ.

"ಕಲ್ಲು ಇದೆ," ಎಂದೆ ತಮಿಳಿನಲ್ಲಿ. "ನಮ್ಮ ಮನೆ ಹಿಂದೆ ಇದೆ. ಅಮ್ಮ ಅದರ ಮೇಲೆ ಅರೀತಾಳೆ."

ಮುನುಸಾಮಿ ಬಾಯಿ ತೆರೆದ, ಎಲೆಯಡಿಕೆಯ ರಸ ಅಂಗಿಯ ಮೇಲೆ ಇಳಿಯಿತು. ಅಪ್ಪ ನನ್ನ ರಟ್ಟೆ ಹಿಡಿದ. ಪೆರಿಯಮ್ಮ ನನ್ನನ್ನೇ ನೋಡುತ್ತ, ಎವ್ವಳವು ವರುಷಮಾ, ಎಷ್ಟು ವರ್ಷದಿಂದ ಎಂದು ಕೇಳಿದರು. ಏಳು ಎಂದೆ. ಅದು ಎರಡೂ ಭಾಷೆಯಲ್ಲಿ ಒಂದೇ, ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

ಏಳು ವರ್ಷದಲ್ಲಿ ಪೆರಿಯಮ್ಮ ಲಾಯದ ಕಡೆ ಬಂದವರಲ್ಲ. ಅವತ್ತು ತಡಿಕೆ ಸರಿಸಿ ಒಳಗೆ ಬಂದರು, ಹಿಂದೆ ಟೋಪಿಯ ಹೆಂಗಸು. ಅಮ್ಮ ಕುಕ್ಕರಗಾಲಲ್ಲಿ ಕೂತು, ಮೊಣಕೈವರೆಗೂ ಕೆಂಪು ಮಾಡಿಕೊಂಡು, ಅವತ್ತಿನ ಚಟ್ನಿ ಅರೆಯುತ್ತಿದ್ದಳು. ಎಲ್ಲರನ್ನೂ ನೋಡಿ, ತನ್ನ ಕಲ್ಲನ್ನು ನೋಡಲು ದೊಡ್ಡವರು ವಿದೇಶದಿಂದ ನೆಂಟರನ್ನು ಕರೆದುಕೊಂಡು ಬಂದಿದ್ದಾರೆಂದೇ ತಿಳಿದಳು. ಸೆರಗು ಸರಿ ಮಾಡಿಕೊಂಡು ನಕ್ಕಳು.

"ಬನ್ನಿ ಬನ್ನಿ. ಲೇ ಚೆಲುವಿ, ಮಣೆ ಹಾಕು."

"ಅಮ್ಮಾ, ಏಳು. ಕಲ್ಲು ತಿರುಗಿಸ್ಬೇಕು."

"ಇನ್ನೊಂದ್ ಸುತ್ತು, ತಡಿ. ಕಾಯಿ ನುಣ್ಣಗಾಗಿಲ್ಲ."

ಅಪ್ಪ ಅವಳ ಕಿವಿಯಲ್ಲಿ ಹೇಳಿದ. ಅವಳ ಕೈಯಿಂದ ಗುಂಡುಕಲ್ಲು ಜಾರಿತು. ಮುನುಸಾಮಿ ಮತ್ತು ಅಪ್ಪ ಹಾರೆ ಹಾಕಿ ಕಲ್ಲನ್ನು ಎತ್ತಿ ಗೋಡೆಗೆ ಒರಗಿಸಿದರು. ಬಿಸಿಲು ಮಳೆ ಬೀಳದೆ ಮಣ್ಣಿಗೆ ಮುಖ ಕೊಟ್ಟು ಮಲಗಿದ್ದರಿಂದ ಅಕ್ಷರ ನಿನ್ನೆ ಕೆತ್ತಿದ ಹಾಗಿತ್ತು. ಆ ಹೆಂಗಸು ನೆಲದ ಮೇಲೆ ಕೂತಳು, ಗೌನು ಕೊಳೆಯಾಗುತ್ತದೆಂದೂ ನೋಡಲಿಲ್ಲ. ಬ್ರಷ್ಷು ತೆಗೆದು ಒಂದೊಂದೇ ಅಕ್ಷರ ಉಜ್ಜಿ ಉಜ್ಜಿ ಓದಿದಳು. ಮುಗಿದ ಮೇಲೆ ಕೈಯನ್ನು ಹಿಂದಕ್ಕೆ ಹಾಕಿ, ಅಮ್ಮ ಏಳು ವರ್ಷ ಅರೆದು ಮಾಡಿದ ತಗ್ಗನ್ನು ತಡವಿ ನೋಡಿದಳು. ಬೆರಳಿಗೆ ಚಟ್ನಿ ಹತ್ತಿತು. ಮೂಸಿದಳು, ನಾಲಗೆಗೆ ಇಟ್ಟುಕೊಂಡಳು. ಕಣ್ಣಲ್ಲಿ ದಳದಳ ನೀರು ಇಳಿಯಿತು. ಗುಂಟೂರು ಮೆಣಸಿನಕಾಯಿ, ಅಮ್ಮ ಅದನ್ನು ಎಣಿಸಿ ಹಾಕುವವಳಲ್ಲ. ಅಳುವೇನೂ ಇಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ಅವಳು ನನ್ನ ಕಡೆ ತಿರುಗಿ ನೀರು ಬೇಕೆಂದು ಕೈಸನ್ನೆ ಮಾಡಿದಳು. ಕೊಟ್ಟೆ. ಎರಡು ಲೋಟ ಕುಡಿದಳು.

ವರ್ಷವರ್ಷ ನಾವು ಕಲ್ಲಿಗೆ ಹೂ ಇಟ್ಟಿದ್ದೇವೆ ಎಂದು ಅವಳಿಗೆ ಹೇಳಿ ಎಂದು ಪೆರಿಯಮ್ಮನನ್ನು ಕೇಳಿದೆ. ಅವರು ಹೇಳಿದರು, ಕಲ್ಲಿನಂಥ ಮುಖ ಮಾಡಿಕೊಂಡು. ಆ ಹೆಂಗಸು ಅಮ್ಮನ ಖಾರದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಏನೋ ಅಂದಳು. ಅದನ್ನು ಪೆರಿಯಮ್ಮ ತಮಿಳಿಗೆ ತಿರುಗಿಸಲಿಲ್ಲ. ಹಾಗೇ ತಡಿಕೆ ಸರಿಸಿಕೊಂಡು ಹೊರಟು ಮಹಡಿ ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಕಲ್ಲು ಗಾಡಿಯೇರಿ ದಂಡೆಗೆ ಹೋಯಿತು, ಮುನುಸಾಮಿ ಅಮ್ಮನ ಹಳೆಯ ಕಲ್ಲರೆ ಮಾತು ನೆನೆದು ನಗುತ್ತ ಇಟ್ಟಿಗೆ ಜೋಡಿಸಿ ನಿಲ್ಲಿಸಿದ. ಟ್ಯಾಕ್ಸಿ ಹೋಯಿತು. ಅಪ್ಪ ಮಹಡಿಗೆ ಕಳಿಸಿದ ಎಲೆ ಮುಟ್ಟದೆ ತಿರುಗಿ ಬಂತು. ಸಂಜೆಯ ತಿಂಡಿಯೂ ತಿರುಗಿ ಬಂತು.

ಅಮ್ಮ ಗೋಡೆಯ ಬಳೆಗಳಿಂದ ಹಗ್ಗ ಬಿಚ್ಚತೊಡಗಿದಳು. ಹೊತ್ತು ಮುಳುಗುವುದರೊಳಗೆ ಬಟ್ಟೆಬರೆ, ಪಾತ್ರೆ, ಅಪ್ಪನ ಸೌಟುಗಳೆಲ್ಲ ಟ್ರಂಕು ಸೇರಿದವು. ಬಾಯಿಬಿಟ್ಟು ಹೇಳುವವರೆಗೆ ಕಾಯಬಾರದು, ಹೇಳುವ ಮುಂಚೆ ಹೊರಡಬೇಕು ಎಂದು ಅವಳ ಹಟ. ಎಲ್ಲಿಗೆ ಎಂದು ಅಪ್ಪ ಕೇಳಲಿಲ್ಲ, ಅವಳೂ ಹೇಳಲಿಲ್ಲ. ನನ್ನನ್ನು ಮಾತ್ರ ಕೇಳಿದಳು.

"ನಿಂಗೆ ಯಾವಾಗಿಂದ ಗೊತ್ತಿತ್ತು?"

"ಹೋದ ವರ್ಷದಿಂದ."

"ಗೊತ್ತಿದ್ದೂ ತಿಂದ್ಯಾ?"

"ಹಸೀತಿತ್ತು."

"ಒಂದ್ ವರ್ಷ ಬಾಯ್ ಮುಚ್ಕಂಡಿದ್ದೋಳು, ಇವತ್ತೇನಾಗಿತ್ತೇ ನಿಂಗೆ? ಅವ್ಳು ಹೋಗ್ತಿದ್ಲು. ಇನ್ನೇನ್ ಹೋಗೇ ಬಿಡ್ತಿದ್ಲು."

"ಬ್ರಷ್ ತಂದಿದ್ಲಮ್ಮ."

ಅಮ್ಮ ನನ್ನ ಬೆನ್ನಿಗೆ ಒಂದು ಗುದ್ದಿದಳು. ಆಮೇಲೆ ತಾನೇ ಗೋಡೆಯ ಕಡೆ ತಿರುಗಿ ಕೂತಳು. ಮನೆ ಹೋದದ್ದಕ್ಕಿಂತ, ಮುನುಸಾಮಿ ನಕ್ಕದ್ದು ಅವಳಿಗೆ ಹೆಚ್ಚು ನೋವಾಗಿತ್ತು ಎಂದು ನನಗೆ ಕಾಣುತ್ತಿತ್ತು. ಕಲ್ಲರೆ, ಕಲ್ಲರೆ ಎಂದು ತಾನೇ ಒಂದೆರಡು ಸಲ ಹೇಳಿಕೊಂಡಳು, ಮಾತಿನಲ್ಲಿ ಕಲ್ಲು ಎಲ್ಲಿ ಮುಗಿದು ಸಾವು ಎಲ್ಲಿ ಶುರುವಾಯಿತೆಂದು ಹುಡುಕುವವಳ ಹಾಗೆ.

ಮಾರನೆಯ ಬೆಳಗ್ಗೆ ಅಪ್ಪ ಎದ್ದವನು ಟ್ರಂಕಿನ ಮೇಲೆ ಕೂತ. ಬಂಗಲೆಯ ಅಡುಗೆಮನೆಯ ಬೀಗದ ಕೈ ತೊಡೆಯ ಮೇಲಿತ್ತು. ಅದನ್ನು ಒಪ್ಪಿಸಲು ಮೇಲೆ ಹೋಗಬೇಕು, ಹೋಗಲು ಅವನಿಗೆ ಕಾಲು ಬರಲಿಲ್ಲ. ನಾನು ತೆಗೆದುಕೊಂಡೆ. ಅಡುಗೆಮನೆಗೆ ಹೋಗಿ ಒಲೆ ಹಚ್ಚಿದೆ. ಕಾಫಿ ನಾನು ಅದುವರೆಗೆ ಮಾಡಿದವಳಲ್ಲ, ನೋಡಿದ್ದೆ. ಹಾಲು ಉಕ್ಕಿ ಒಲೆಗೆ ಹೋಯಿತು, ಉಳಿದದ್ದಕ್ಕೆ ಡಿಕಾಕ್ಷನ್ ಸುರಿದು, ಲೋಟ ಡಬರಿ ಹಿಡಿದು ಮಹಡಿ ಹತ್ತಿದೆ. ಪೆರಿಯಮ್ಮ ಸ್ನಾನ ಮುಗಿಸಿ ಹೊಳೆಯ ಕಡೆಯ ಕಿಟಕಿಯಲ್ಲಿ ಕೂತಿದ್ದರು.

"ಉಂಗಪ್ಪನ್ ಎಂಗೆ?"

ಕೆಳಗಿದ್ದಾನೆ, ಟ್ರಂಕು ಕಟ್ಟಿಕೊಂಡು ಕೂತಿದ್ದಾನೆ ಎಂದೆ. ನೀವು ಇದನ್ನು ಕುಡಿದರೆ ಬಿಚ್ಚುತ್ತೇವೆ, ಕುಡಿಯದಿದ್ದರೆ ಬಿಸಿಲೇರುವ ಮುಂಚೆ ಹೊರಡುತ್ತೇವೆ ಎಂದೆ. ಆಮೇಲೆ ಇನ್ನೊಂದು ಮಾತು ಸೇರಿಸಿದೆ.

"ಕಾಪ್ಪಿಕ್ಕು ಕಲ್ಲು ವೇಂಡಾಂ, ಪೆರಿಯಮ್ಮಾ."

ಕಾಫಿಗೆ ಕಲ್ಲು ಬೇಕಿಲ್ಲ. ಅವರು ಲೋಟದೊಳಗೆ ಬಗ್ಗಿ ನೋಡಿದರು. ಲೋಟ ಎತ್ತಿ, ತುಟಿಗೆ ತಾಗಿಸದೆ, ಒಂದು ಗುಟುಕು ಸುರಿದುಕೊಂಡರು. ಮುಖ ಹುಳ್ಳಗಾಯಿತು. ಇನ್ನೊಂದು ಗುಟುಕು. ಹೀಗೆ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

"ಕಳನೀ ತಣ್ಣಿ ಮಾದಿರಿ ಇರುಕ್ಕು. ನಾಳೈಲೇರುಂದು ಉಂಗಪ್ಪನೇ ಪೋಡಟ್ಟುಂ."

ಕಲಗಚ್ಚಿನ ಹಾಗಿದೆ, ನಾಳೆಯಿಂದ ನಿಮ್ಮಪ್ಪನೇ ಮಾಡಲಿ. ನಾನು ಲೋಟ ಡಬರಿ ತೆಗೆದುಕೊಂಡು ಕೆಳಗಿಳಿದೆ. ಲಾಯಕ್ಕೆ ಬಂದು ಅಪ್ಪನನ್ನು ಟ್ರಂಕಿನ ಮೇಲಿಂದ ಎಬ್ಬಿಸಿ, ಮುಚ್ಚಳ ತೆಗೆದು, ಮೇಲಿದ್ದ ಸೌಟನ್ನು ಅವನ ಕೈಗೆ ಕೊಟ್ಟೆ.